ಮುಗಿಯದ ಹಲ್ಲುಸೆಟ್ಟು

ಅಲ್ಲಲ್ಲ, ಅದನ್ನು ಬರೆಯಬೇಡ, ಅದು ನಿನಗೆ ಹೇಳಿದ್ದು. ಪೆನ್ನು ಕೆಳಗಿಡು ಒಂದು ನಿಮಿಷ. ಈ ಎಡಗಡೆಯದು ಬೆಳಿಗ್ಗೆಯಿಂದ ಒತ್ತುತ್ತಿದೆ, ನಾಲಿಗೆಯಲ್ಲಿ ಸರಿಮಾಡಿಕೊಳ್ಳುತ್ತೇನೆ. ಹೂಂ. ಈಗ ಬರೆ. ಮೇಣದಣ್ಣನ ಕಥೆ ಹೇಳು ಅಂತ ಮೂರು ದಿನದಿಂದ ಜೀವ ತಿನ್ನುತ್ತಿದ್ದೀಯಲ್ಲ, ಮೊದಲು ಒಂದು ವಿಷಯ ತಿಳಿದುಕೋ ಪುಟ್ಟಿ. ನಿನಗೆ ಕೇಳಿಸುತ್ತಿರುವ ಈ ಮಾತು ಪೂರ್ತಿ ನನ್ನದಲ್ಲ. ಉಸಿರು ನನ್ನದು, ನಾಲಿಗೆ ನನ್ನದು, ಹಲ್ಲು ಅವನದು. ಅವನಿಲ್ಲದೆ ಹೋಗಿದ್ದರೆ ನಿನಗೆ ಕಥೆ ಹೇಳುವುದಿರಲಿ, ನಿನ್ನನ್ನು ಊಟಕ್ಕೆ ಕರೆದರೂ ನಿನಗೆ ತಿಳಿಯುತ್ತಿರಲಿಲ್ಲ.

ಮೇಣದಣ್ಣ ಅಂದರೆ ನಿನ್ನ ತಾತನ ಒಬ್ಬನೇ ತಮ್ಮ, ನನ್ನ ಮೈದುನ. ನಾನು ಮದುವೆಯಾಗಿ ಈ ಮನೆಗೆ ಬಂದಾಗ ಅವನಿಗೆ ಹದಿನೇಳು. ಮೀಸೆ, ಬರಲೋ ಬೇಡವೋ ಅಂತ ಇನ್ನೂ ಯೋಚನೆ ಮಾಡುತ್ತಿತ್ತು. ವಯಸ್ಸಿನಲ್ಲಿ ನನಗಿಂತ ಮೂರು ವರ್ಷ ಚಿಕ್ಕವನು. ಆದರೆ ಬೀದಿಯಲ್ಲಿ ಎಲ್ಲರೂ ಅಣ್ಣ ಅನ್ನುತ್ತಾರೆ ಅಂತ ನನ್ನ ಬಾಯಿಗೂ ಅದೇ ಕೂತುಬಿಟ್ಟಿದೆ. ಮೇಣ ಯಾಕೆ ಅಂದರೆ, ಅವನ ಉಗುರುಸಂದಿಯಲ್ಲಿ ಯಾವಾಗಲೂ ಗುಲಾಬಿ ಮೇಣ. ಹಲ್ಲುಸೆಟ್ಟಿನ ವಸಡಿನ ಭಾಗ ಇರುತ್ತದಲ್ಲ, ಅದನ್ನು ಮೊದಲು ಮೇಣದಲ್ಲಿ ಮಾಡಿ ನೋಡುವುದು. ಸ್ನಾನ ಮಾಡಿದರೂ ಹೋಗದು. ಅವನ ಮದುವೆಯ ಫೋಟೋದಲ್ಲಿ ಬೇಕಾದರೆ ನೋಡು, ಹೆಂಡತಿಯ ಭುಜದ ಮೇಲೆ ಇಟ್ಟ ಹೆಬ್ಬೆರಳು ಗುಲಾಬಿ. ಅವನು ಓದಿಟ್ಟ ಪೇಪರಿನ ಅಂಚಿನಲ್ಲೆಲ್ಲ ಗುಲಾಬಿ ಹೆಬ್ಬೆಟ್ಟು. "ಓದಕ್ಕೆ ಬರುತ್ತೋ, ಬರೀ ಹೆಬ್ಬೆಟ್ಟು ಒತ್ತಕ್ಕೆ ಮಾತ್ರ ಬರುತ್ತೋ ನಿಂಗೆ?" ಅಂತ ನಿನ್ನ ತಾತ ರೇಗಿಸುತ್ತಿದ್ದರು. ದಿನಕ್ಕೆ ನಾಲ್ಕು ಮಾತಾಡುವ ಮನುಷ್ಯ ನಿನ್ನ ತಾತ. ಅದರಲ್ಲಿ ಎರಡು ತಮ್ಮನನ್ನು ರೇಗಿಸಲಿಕ್ಕೆ ಖರ್ಚು.

ಮೊದಲು ಅವನು ಕೆಲಸ ಮಾಡಿದ್ದು ಒಬ್ಬ ದೊಡ್ಡ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ. ಕೋಣೆ ಅಂದೆನಾ? ಮೆಟ್ಟಿಲಿನ ಕೆಳಗಿನ ಜಾಗ. ಒಳಗೆ ಹೋದವನು ತಿರುಗಬೇಕಾದರೆ ಹೊರಗೆ ಬಂದು ತಿರುಗಿಕೊಂಡು ಮತ್ತೆ ಹೋಗಬೇಕು. ಅಲ್ಲಿ ಒಂದು ಮೇಜು, ಒಂದು ಸ್ಪಿರಿಟ್ ದೀಪ, ಒಂದು ಮೂಟೆ ಪ್ಲಾಸ್ಟರ್, ಗೋಡೆಯಲ್ಲಿ ಒಂದು ಕಿಂಡಿ. ಮುಂದಿನ ಕೋಣೆಯಲ್ಲಿ ಡಾಕ್ಟರು ಜನರ ಬಾಯಿಯ ಅಚ್ಚು ತೆಗೆದು ಕಿಂಡಿಯಿಂದ ಈ ಕಡೆ ತಳ್ಳುತ್ತಿದ್ದರು. ಅಚ್ಚಿನ ಮೇಲೆ ಒಂದು ನಂಬರು. ಹೆಸರಿಲ್ಲ, ವಯಸ್ಸಿಲ್ಲ, ಗಂಡೋ ಹೆಣ್ಣೋ ಅದೂ ಇಲ್ಲ. ಆರುನೂರ ಹದಿನಾಲ್ಕಕ್ಕೆ ಹಲ್ಲು ಮಾಡು ಅಂದರೆ ಮಾಡಬೇಕು. ಯಾಕೆ ಅಂದರೆ ಕಾನೂನು ಹಾಗಿತ್ತು. ಡಿಗ್ರಿ ಇಲ್ಲದವನು ಬೇರೆಯವರ ಬಾಯಿ ನೋಡುವ ಹಾಗಿಲ್ಲ. ಡಿಗ್ರಿ ಇದ್ದ ಡಾಕ್ಟರಿಗೆ ಹಲ್ಲು ಮಾಡಲು ಬರುವುದಿಲ್ಲ. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಅಂತಾರಲ್ಲ, ಆ ಗಾದೆ ಕಟ್ಟಿದವರು ಆ ಕಿಂಡಿಯ ಪಕ್ಕ ನಿಂತೇ ಕಟ್ಟಿರಬೇಕು.

ಮುಖ ನೋಡದೆ ಹಲ್ಲು ಮಾಡುವುದು ಅವನಿಗೆ ಬೇಸರ. ಹಾಗಾಗಿ ಅವನೇ ಒಂದು ಉಪಾಯ ಮಾಡಿಕೊಂಡಿದ್ದ. ಮೇಲಿನ ಸಾಲಿನಲ್ಲಿ ಎಡಗಡೆಯ ಎರಡನೇ ಹಲ್ಲನ್ನು ದಾರದೆಳೆಯಷ್ಟು ತಿರುಗಿಸಿ ಕೂರಿಸುತ್ತಿದ್ದ. "ಎಲ್ಲಾ ನೆಟ್ಟಗಿದ್ರೆ ಸುಳ್ಳು ಹಲ್ಲು ಅಂತ ದೂರದಿಂದ್ಲೇ ಗೊತ್ತಾಗುತ್ತೆ ಅತ್ತಿಗೆ. ಒಂದು ಸ್ವಲ್ಪ ಸೊಟ್ಟ ಇದ್ರೆ, ಪಾಪ, ಹುಟ್ಟಿದಾಗಿಂದ ಹೀಗೇ ಏನೋ ಅಂದ್ಕೋತಾರೆ." ಇಪ್ಪತ್ತೊಂದು ವರ್ಷ ಆ ಕ್ಲಿನಿಕ್ಕಿನಿಂದ ಹೊರಗೆ ಹೋದ ಎಲ್ಲಾ ಸೆಟ್ಟುಗಳಲ್ಲೂ ಎಡಗಡೆಯ ಎರಡನೆಯದು ಹಾಗೇ ಇತ್ತು. ಇದನ್ನು ನೆನಪಿಟ್ಟುಕೋ, ಮುಂದೆ ಬೇಕಾಗುತ್ತದೆ. ನೀನು ಬರೆಯುವ ಭರದಲ್ಲಿ ಮರೆತುಬಿಡುತ್ತೀ, ಕೆಳಗೆ ಗೆರೆ ಎಳೆ.

ಒಂದು ದಿನ ಏನಾಯಿತು ಅಂದರೆ, ಅವನು ಬಸ್ ಸ್ಟಾಪಿನಲ್ಲಿ ನಿಂತಿದ್ದ. ಪಕ್ಕದ ಬೆಂಚಿನಲ್ಲಿ ಒಬ್ಬ ಹೆಂಗಸು, ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸದವಳು, ಟೀಯಲ್ಲಿ ಬ್ರೆಡ್ಡು ಅದ್ದಿಕೊಂಡು ಬರೀ ವಸಡಿನಲ್ಲಿ ತಿನ್ನುತ್ತಿದ್ದಾಳೆ. ಮಡಿಲಲ್ಲಿ ಕರವಸ್ತ್ರ, ಅದರಲ್ಲಿ ಒಂದು ಹೊಸ ಹಲ್ಲುಸೆಟ್ಟು. ಇವನು ನೋಡಿದ. ಎಡಗಡೆಯ ಎರಡನೆಯದು ತಿರುಗಿದೆ. ತನ್ನದೇ ಕೆಲಸ!

"ಯಾಕಮ್ಮ ಹಾಕ್ಕೊಂಡಿಲ್ಲ?"

"ಒತ್ತುತ್ತೆ ಅಣ್ಣ, ರಕ್ತ ಬರುತ್ತೆ. ಡಾಕ್ಟ್ರ ಹತ್ರ ಮೂರು ಸಲ ಹೋದೆ. ಅಭ್ಯಾಸ ಆಗುತ್ತೆ ಅಂದ್ರು. ಹೋದಾಗೆಲ್ಲ ಅರ್ಧ ದಿನದ ಸಂಬಳ ಹೋಗುತ್ತೆ. ಅಭ್ಯಾಸ ಆಗಿದ್ದು ಅದೊಂದೇ."

ಅವಳನ್ನು ನೇರ ನಮ್ಮ ಮನೆಗೆ ಕರೆದುಕೊಂಡು ಬಂದ. ಅಡುಗೆಮನೆಯ ಸ್ಟೂಲಿನ ಮೇಲೆ ಕೂರಿಸಿ, ಕೈ ತೊಳೆದುಕೊಂಡು, ಅವಳ ಬಾಯೊಳಗೆ ಬೆರಳಿಟ್ಟು ನೋಡಿದ. ಅಷ್ಟು ವರ್ಷ ಹಲ್ಲು ಮಾಡಿದವನು ಮನುಷ್ಯರ ಬಾಯಿ ಮುಟ್ಟಿದ್ದು ಅದೇ ಮೊದಲು. ಸಣ್ಣ ಅರ ತೆಗೆದು ಸೆಟ್ಟಿನ ಒಳಗಡೆ ಒಂದು ಕಡೆ ಉಜ್ಜಿದ, ನೋಡಿದ, ಇನ್ನೊಂದು ಸಲ ಉಜ್ಜಿದ. ಹತ್ತು ನಿಮಿಷ ಆಗಿರಲಿಕ್ಕಿಲ್ಲ. ನಾನು ಒಂದು ಕ್ಯಾರೆಟ್ ಕೊಟ್ಟೆ. ಅವಳು ಕಟಕಟ ಅಂತ ಕಡಿದಳು ನೋಡು, ಆ ಸದ್ದಿಗೆ ಅವಳೇ ಬೆಚ್ಚಿಬಿದ್ದಳು. ಆಮೇಲೆ ನಾವು ಮೂರು ಜನರೂ ಸುಮ್ಮನೆ ಅವಳು ತಿನ್ನುವುದನ್ನು ಕೇಳುತ್ತಾ ಕೂತಿದ್ದೆವು.

ತಿಂಗಳೊಳಗೆ ಅವನು ಆ ಮೆಟ್ಟಿಲ ಕೆಳಗಿನ ಕೆಲಸ ಬಿಟ್ಟ. ಸೈಕಲ್ ಅಂಗಡಿಯ ಮೇಲೆ ಒಂದು ಕೋಣೆ ಹಿಡಿದ. ಕಿಟಕಿ ಇತ್ತು, ಅದೇ ಅವನಿಗೆ ದೊಡ್ಡ ಅರಮನೆ. ಕ್ಲಿನಿಕ್ಕಿನ ದರದಲ್ಲಿ ಮೂರನೇ ಒಂದು ಭಾಗಕ್ಕೆ ಹಲ್ಲು ಮಾಡಿಕೊಡುತ್ತಿದ್ದ. ಆದರೆ ಅವನ ಕ್ರಮವೇ ಬೇರೆ. ಹೋದ ತಕ್ಷಣ ಬಾಯಿ ತೆಗಿ ಅನ್ನುತ್ತಿರಲಿಲ್ಲ. ಮೊದಲು ಒಂದು ಗಂಟೆ ಕೂರಿಸಿ ಮಾತಾಡಿಸುತ್ತಿದ್ದ. ಸೊಸೆಯ ಮೇಲೆ ದೂರು ಹೇಳಿ, ಮೊಣಕಾಲು ನೋವು ಹೇಳಿ, ಏನಾದರೂ ಹೇಳಿ. ಅವನು ನೋಡುತ್ತಿದ್ದುದು ತುಟಿ ಎಲ್ಲಿಗೆ ಏಳುತ್ತದೆ, ನಾಲಿಗೆ ಎಲ್ಲಿ ತಾಗುತ್ತದೆ ಅಂತ. ಆಮೇಲೆ ನಗುತ್ತಿರುವ ಒಂದು ಹಳೇ ಫೋಟೋ ತರಬೇಕು. ಹಲ್ಲು ಮುಂದೆ ಬಂದಿದ್ದರೆ ಮುಂದೆ, ಸಂದಿ ಇದ್ದರೆ ಸಂದಿ, ಇದ್ದ ಹಾಗೇ ಮಾಡುತ್ತಿದ್ದ. ರಿಟೈರಾದ ಒಬ್ಬ ಪೋಸ್ಟ್‌ಮ್ಯಾನು ಬಂದು, "ನಂಗೆ ಸಿನಿಮಾದ ಹೀರೋ ಥರ ಹಲ್ಲು ಬೇಕು" ಅಂತ ಕೂತ.

"ಮಾಡ್ಕೊಡ್ತೀನಿ ಯಜಮಾನ್ರೇ. ಆದ್ರೆ ಮನೆಗೆ ಹೋದಾಗ ನಿಮ್ಮ ಹೆಂಡ್ತಿ ಬಾಗಿಲು ತೆಗೀದೆ, ಯಾರು ಬೇಕಿತ್ತು ಅಂತ ಕೇಳಿದ್ರೆ ನಾನು ಜವಾಬ್ದಾರ ಅಲ್ಲ."

"ಹೆಂಡ್ತಿ ಬೈತಾಳೆ ಅಂತೀಯಾ?"

"ಬೈದ್ರೆ ಪರವಾಗಿಲ್ಲ. ಒಳಗೆ ಕರೆದು ಉಪಚಾರ ಮಾಡಿದ್ರೆ?"

ಪೋಸ್ಟ್‌ಮ್ಯಾನು ಹಳೇ ಹಲ್ಲನ್ನೇ ಮಾಡಿಸಿಕೊಂಡು ಹೋದ.

ಇನ್ನೊಂದು ಕ್ರಮ, ಅದು ಅವನಿಗೆ ದೇವರ ಮೇಲೆ ಆಣೆ ಇದ್ದ ಹಾಗೆ. ಯಾರ ಬಾಯಲ್ಲಿ ಯಾವ ಹಲ್ಲಿದೆ ಅಂತ ಯಾರಿಗೂ ಹೇಳುತ್ತಿರಲಿಲ್ಲ. ನಾನು ಎಷ್ಟೋ ಸಲ ಕೆದಕಿದ್ದೇನೆ. "ಆ ಜವಳಿ ಅಂಗಡಿಯವಳದು ಸ್ವಂತದ್ದೋ ನಿಂದೋ?" ಅಂತ ಕೇಳಿದರೆ, "ಒಬ್ಬರ ಹಲ್ಲಿನ ವಿಷಯ ಹೇಳೋದು ಒಂದೇ, ಅವರು ಸ್ನಾನ ಮಾಡ್ತಿರುವಾಗ ಬಚ್ಚಲ ಬಾಗಿಲು ತೆಗೆಯೋದು ಒಂದೇ ಅತ್ತಿಗೆ" ಅನ್ನುತ್ತಿದ್ದ. ನಮ್ಮ ಬೀದಿಯಲ್ಲೇ ಒಂದು ಗಂಡಹೆಂಡತಿ, ಇಬ್ಬರೂ ಒಬ್ಬರಿಗೊಬ್ಬರು ಗೊತ್ತಾಗದ ಹಾಗೆ ಅವನ ಹತ್ತಿರ ಸೆಟ್ಟು ಮಾಡಿಸಿಕೊಂಡು ಆರು ವರ್ಷ ಸಂಸಾರ ಮಾಡಿದರು. ಅದು ಹೊರಗೆ ಬಿದ್ದದ್ದು ಹೇಗೆ ಅಂತೀಯಾ? ಬೇಡ ಬಿಡು, ಅದು ಬೇರೆ ಕಥೆ, ನಿನಗೆ ಮದುವೆಯಾದ ಮೇಲೆ ಹೇಳುತ್ತೇನೆ.

ಹನ್ನೊಂದು ವರ್ಷ ಹೀಗೆ ನಡೆಯಿತು. ಬೋರ್ಡು ಇಲ್ಲ, ಜಾಹೀರಾತು ಇಲ್ಲ. ಚೆನ್ನಾಗಿ ತಿನ್ನುವವರನ್ನು ನೋಡಿ ತಿನ್ನಲಾಗದವರು ಬರುತ್ತಿದ್ದರು. ಅಷ್ಟರಲ್ಲಿ ನನ್ನ ಹಲ್ಲಿನ ಕಾಲವೂ ಬಂತು. ಐವತ್ತೊಂದಕ್ಕೆ ನನ್ನ ವಸಡು ಕೈಕೊಟ್ಟಿತು, ಒಂದೊಂದಾಗಿ ಎಲ್ಲಾ ತೆಗೆಸಬೇಕಾಯಿತು. ನಗುವುದನ್ನು ಬಿಟ್ಟೆ. ಮಾತಾಡುವಾಗ ಬಾಯಿಗೆ ಕೈ ಅಡ್ಡ. ನಿನ್ನಮ್ಮನಿಗೆ ಆಗ ಇನ್ನೂ ಮದುವೆಯಾಗಿರಲಿಲ್ಲ, "ಅಮ್ಮ, ಏನಂದೆ?" ಅಂತ ಪ್ರತಿ ಮಾತಿಗೂ ಎರಡು ಸಲ ಕೇಳುವಳು. ಎರಡು ಸಲ ಹೇಳಬೇಕಾದ ಮಾತನ್ನು ಒಂದು ಸಲವೂ ಹೇಳುವುದು ಬೇಡ ಅನ್ನಿಸಿಬಿಡುತ್ತದೆ ಮಗು. ನಿನ್ನ ತಾತನಿಗಿಂತ ನಾನೇ ಮೌನಿಯಾದೆ. ಮೇಣದಣ್ಣ ನನ್ನ ಸೆಟ್ಟು ಶುರು ಮಾಡಿದ. ಮೇಣದಲ್ಲಿ ಕೂರಿಸಿ ನನ್ನ ಬಾಯಲ್ಲಿ ಇಟ್ಟು ನೋಡಿದ. ಇನ್ನು ಹತ್ತು ದಿನ ಅಂದ.

ಆ ಹತ್ತು ದಿನದಲ್ಲೇ ಪೇಪರಿನಲ್ಲಿ ಬಂತು ಹೊಸ ಸುದ್ದಿ. ಊರಿನ ಆಚೆ ಕಡೆ ಯಾರೋ ಒಬ್ಬ ತೊಳೆಯದ ಸಾಮಾನಿನಲ್ಲಿ ಕೆಲಸ ಮಾಡಿ ಒಬ್ಬರ ದವಡೆ ಕೀವು ಕಟ್ಟಿಸಿದನಂತೆ. ಅವನನ್ನು ಹಿಡಿದು ಒಳಗೆ ಹಾಕಿದ್ದರೆ, ಹಿಡಿದವರಿಗೆ ನಾನೇ ಹೋಗಿ ಹಾರ ಹಾಕಿ ಬರುತ್ತಿದ್ದೆ. ಆದರೆ ಅವನು ಊರು ಬಿಟ್ಟು ಓಡಿಹೋಗಿದ್ದ. ಸಿಗದವನನ್ನು ಹಿಡಿಯಲಾಗದೆ ಸಿಕ್ಕವರನ್ನೆಲ್ಲ ಹಿಡಿಯುವ ಒಂದು ಆದೇಶ ಮಾಡಿದರು. ಹಲ್ಲುಸೆಟ್ಟು ಮಾಡುವವರೆಲ್ಲ ಇಲಾಖೆಯಲ್ಲಿ ಹೆಸರು ನೋಂದಾಯಿಸಿ ಪರವಾನಗಿ ತೆಗೆದುಕೊಳ್ಳಬೇಕು. ಬಡವರಿಗೆ ಅಂತ ಸರ್ಕಾರದ ಒಂದು ಉಚಿತ ಹಲ್ಲಿನ ಕೇಂದ್ರ ಮೊದಲಿಂದಲೂ ಇತ್ತು, ಅಲ್ಲಿಗೆ ಹೋಗಿ ಅಂದರು. ಅಲ್ಲಿ ಹದಿನಾಲ್ಕು ತಿಂಗಳ ಸರದಿ, ಮೂರು ಸೈಜು: ಚಿಕ್ಕದು, ಮಧ್ಯಮ, ದೊಡ್ಡದು. ಬನಿಯನ್ ಕೊಟ್ಟ ಹಾಗೆ!

ಬೇರೆಯವರು ಆ ಸುದ್ದಿ ಓದಿ ಪುಟ ತಿರುಗಿಸಿದರು. ನಮ್ಮ ಮೇಣದಣ್ಣ ಏನು ಮಾಡಿದ? ಬಟ್ಟೆ ಇಸ್ತ್ರಿ ಮಾಡಿಕೊಂಡ. ತಾನು ಮಾಡಿದ ನಾಲ್ಕು ಚಂದದ ಸೆಟ್ಟುಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಹತ್ತಿಯ ಮೇಲೆ ಇಟ್ಟುಕೊಂಡು, ಇಲಾಖೆಯ ಬಾಗಿಲು ತೆಗೆಯುವ ಮೊದಲೇ ಸಾಲಿನಲ್ಲಿ ಮೊದಲನೆಯವನಾಗಿ ನಿಂತ. ಸಾಲಿನಲ್ಲಿ ಎರಡನೆಯವನೇ ಇರಲಿಲ್ಲ. ಅದರಲ್ಲೇ ಅರ್ಥವಾಗಬೇಕಿತ್ತು ಅವನಿಗೆ. ಕುರಿ ತಾನಾಗಿ ಕಟುಕನ ಅಂಗಡಿಯ ವಿಳಾಸ ಕೇಳಿಕೊಂಡು ಹೋದ ಹಾಗೆ.

ಗುಮಾಸ್ತ ಅರ್ಜಿ ನೋಡಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡನಂತೆ.

"ಮೇಲ್ವಿಚಾರಣೆ ಮಾಡೋ ವೈದ್ಯರ ಹೆಸರು, ಇಲ್ಲಿ 'ನಾನೇ' ಅಂತ ಬರೆದಿದ್ದೀರಿ?"

"ಹೌದು ಸಾರ್, ನನ್ನ ಕೆಲ್ಸ ನಾನೇ ನೋಡ್ಕೋತೀನಿ."

"ಡಿಗ್ರಿ?"

"ಇಲ್ಲ ಸಾರ್. ಮೂವತ್ತೆರಡು ವರ್ಷದಿಂದ ಮಾಡ್ತಿದ್ದೀನಿ."

"ರೋಗಿಯ ಬಾಯಿಯನ್ನು ಸ್ವತಃ ಮುಟ್ಟುತ್ತೀರಾ, ಹೌದು ಅಥವಾ ಇಲ್ಲ. ಇಲ್ಲಿ 'ಕೈ ತೊಳೆದುಕೊಂಡು' ಅಂತ ಬರೆದಿದ್ದೀರಲ್ರೀ!"

"ತೊಳ್ಕೊಂಡೇ ಮುಟ್ಟೋದು ಸಾರ್."

ಗುಮಾಸ್ತ ಪಾಪ ಒಳ್ಳೆಯವನೇ ಇರಬೇಕು. ತಗ್ಗಿದ ದನಿಯಲ್ಲಿ, "ಈ ಅರ್ಜೀನ ಮನೆಗೆ ತಗೊಂಡೋಗಿ ಬಿಡಿ, ನಾನು ನೋಡಿಲ್ಲ ಅಂದ್ಕೋತೀನಿ" ಅಂದನಂತೆ. ನಮ್ಮವನು ಕೇಳಬೇಕಲ್ಲ! "ಇಲ್ಲ ಸಾರ್, ನಿಯಮ ಅಂದ್ರೆ ನಿಯಮ, ತಗೊಳ್ಳಿ" ಅಂತ ಕೊಟ್ಟು, ರಸೀತಿ ಕೇಳಿ ಪಡೆದು, ಬರುವಾಗ ನನಗೆ ಮೆತ್ತಗಿನ ಬಾಳೆಹಣ್ಣು ತಂದ. ಇನ್ನು ಮೇಲೆ ಬೋರ್ಡು ಹಾಕಬಹುದು ಅತ್ತಿಗೆ, ಮಗಳಿಗೂ ಕೆಲಸ ಕಲಿಸಬಹುದು ಅಂತ ಅವನ ಸಂಭ್ರಮ. ಬೋರ್ಡಿಗೆ ಯಾವ ಬಣ್ಣ ಅಂತ ಅವತ್ತೇ ಚರ್ಚೆ. ನಾನು ಗುಲಾಬಿ ಅಂದೆ. ಅಂದೆ ಅಂದರೆ, ಅವನ ಹೆಬ್ಬೆರಳು ತೋರಿಸಿದೆ.

ಎಂಟನೇ ದಿನ ಇನ್‌ಸ್ಪೆಕ್ಟರು ಬಂದರು. ನಾನು ಆಗ ಅಲ್ಲೇ ಇದ್ದೆ, ಕೊನೆಯ ಸಲ ಮೇಣದ ಸೆಟ್ಟು ಇಟ್ಟು ನೋಡಲು ಹೋಗಿದ್ದೆ. ಐವತ್ತರ ಹತ್ತಿರದ ಮನುಷ್ಯ, ಕಂಕುಳಲ್ಲಿ ಫೈಲು, ಮುಖದಲ್ಲಿ ಸಾವಿನ ಮನೆಗೆ ಬಂದವರ ಸಂಕೋಚ. "ನೀವ್ಯಾಕೆ ಸಾರ್ ಅರ್ಜಿ ಹಾಕಿದ್ರಿ?" ಅಂತ ಅವರೇ ಬೈದರು. "ಸುಮ್ನಿದ್ದಿದ್ರೆ ನಿಮ್ಮನ್ನ ಯಾರು ಕೇಳ್ತಿದ್ರು? ಈಗ ನೀವೇ ಬರ್ಕೊಟ್ಟಿದ್ದೀರಿ, ನಾನು ಕೋಣೆ ಮುಚ್ಚಲೇಬೇಕು." ಮಹಜರು ಬರೆಯಲು ಕೂತರು. ಮಹಜರು ಅಂದರೆ ಏನೇನು ಸಿಕ್ಕಿತು ಅಂತ ಪಟ್ಟಿ. ದೀಪ ಒಂದು, ಅರ ಏಳು, ಪ್ಲಾಸ್ಟರ್ ಒಂದು ಮೂಟೆ. ಅಲಮಾರಿ ತೆಗೆದರೆ ಸಾಲು ಸಾಲಾಗಿ ಅರ್ಧ ಮುಗಿದ ಹಲ್ಲುಸೆಟ್ಟುಗಳು, ಎಲ್ಲಾ ಅವರನ್ನೇ ನೋಡಿ ನಗುತ್ತಿವೆ. ಮನುಷ್ಯನಿಗೆ ಮೈ ಜುಮ್ಮೆಂದಿತೋ ಏನೋ, ಮುಟ್ಟಿ ಎಣಿಸಲಿಲ್ಲ. "ಅರ್ಧ ಮುಗಿದ ಹಲ್ಲುಸೆಟ್ಟುಗಳು: ಅನೇಕ" ಅಂತ ಬರೆದು ಸಹಿ ಹಾಕಿದರು. ಇದರ ಕೆಳಗೂ ಗೆರೆ ಎಳೆ.

ನಾನು ನನ್ನ ಸೆಟ್ಟು ಕೊಡಿ ಅಂತ ಕೈ ಮುಂದೆ ಮಾಡಿದೆ.

"ಕೊಡೋ ಹಾಗಿಲ್ಲ ತಾಯಿ, ಅದು ಈಗ ಪುರಾವೆ."

ನನ್ನ ಬಾಯಿ ಸರ್ಕಾರದ ಪುರಾವೆಯಾಯಿತು! ಬಾಗಿಲಿಗೆ ಬೀಗ, ಬೀಗಕ್ಕೆ ಬಟ್ಟೆ, ಬಟ್ಟೆಗೆ ಕೆಂಪು ಅರಗಿನ ಮೊಹರು. ಅರಗು ಬಿಸಿ ಮಾಡಲು ಅವರ ಹತ್ತಿರ ಬೆಂಕಿ ಇರಲಿಲ್ಲ. ನಮ್ಮ ಮೇಣದಣ್ಣನೇ ತನ್ನ ಸ್ಪಿರಿಟ್ ದೀಪ ಹಚ್ಚಿಕೊಟ್ಟು, "ಹಾಗಲ್ಲ ಸಾರ್, ಉರಿಯಿಂದ ಸ್ವಲ್ಪ ಮೇಲೆ ಹಿಡೀರಿ, ಹೊತ್ತಿಕೊಳ್ಳುತ್ತೆ" ಅಂತ ಹೇಳಿಕೊಟ್ಟ. ಮೊಹರು ಚೆನ್ನಾಗಿ ಕೂತಿತು. ಮೆಟ್ಟಿಲಿಳಿಯುವಾಗ ಇನ್‌ಸ್ಪೆಕ್ಟರು ನಿಂತು, ತಮ್ಮ ತಾಯಿಗೆ ಉಚಿತ ಕೇಂದ್ರದ ಮಧ್ಯಮ ಸೈಜು ಕೊಟ್ಟಿದ್ದಾರೆ, ಅದು ಮೇಜಿನ ಖಾನೆಯಲ್ಲಿದೆ, ತಾಯಿ ಗಂಜಿ ಕುಡಿಯುತ್ತಿದ್ದಾರೆ ಅಂತ ಹೇಳಿದರು. ಯಾಕೆ ಹೇಳಿದರೋ. ಹೇಳಿ ಹೋದರು.

ವಿಚಾರಣೆಗೆ ದಿನ ಸಿಕ್ಕಿದ್ದು ನಾಲ್ಕು ತಿಂಗಳಿಗೆ. ಆ ನಾಲ್ಕು ತಿಂಗಳು ಮೇಣದಣ್ಣನನ್ನು ನೋಡಲಾಗುತ್ತಿರಲಿಲ್ಲ. ಉಗುರು ಬೆಳ್ಳಗಾಗಿಬಿಟ್ಟಿತ್ತು, ಯಾರದೋ ಕೈ ತಂದು ಅಂಟಿಸಿದ ಹಾಗೆ. ಅಚ್ಚು ಕೊಟ್ಟು ಕಾಯುತ್ತಿದ್ದವರು ಮನೆಗೆ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು, ಬಯ್ಯುತ್ತಿರಲಿಲ್ಲ, ಅದೇ ಅವನಿಗೆ ಕಷ್ಟ. ಪರವಾನಗಿ ಸಿಗದಿದ್ದರೆ ವಾಪಸ್ಸು ಆ ಮೆಟ್ಟಿಲ ಕೆಳಗೆ, ಆ ಕಿಂಡಿಗೆ. ಅದಕ್ಕಿಂತ ಸೈಕಲ್ ಅಂಗಡಿಯಲ್ಲಿ ಪಂಕ್ಚರ್ ಹಾಕುತ್ತೇನೆ ಅನ್ನುತ್ತಿದ್ದ.

ಸಾಕ್ಷಿ ಹೇಳಲು ನಾನು ಹೋದೆ. ಬೇರೆ ಯಾರು ಬರುತ್ತಾರೆ? ಅವನ ಹಲ್ಲು ಹಾಕಿಕೊಂಡವರು ಬಂದರೆ ಬಚ್ಚಲ ಬಾಗಿಲು ತಾವೇ ತೆಗೆದ ಹಾಗೆ. ಹಲ್ಲಿಲ್ಲ ಅಂತ ಊರಿಗೆಲ್ಲ ಗೊತ್ತಿದ್ದವಳು ನಾನೊಬ್ಬಳೇ. ಉದ್ದನೆಯ ಮೇಜು, ಮೂರು ಜನ ಕೂತಿದ್ದರು, ಮಧ್ಯೆ ಅಧ್ಯಕ್ಷರು. ತುಂಬಾ ಹಿರಿಯ ಹಲ್ಲಿನ ಡಾಕ್ಟರು, ಬೆಳ್ಳಗಿನ ಕೂದಲು, ಮೆಲ್ಲಗಿನ ಮಾತು. ಕೆಟ್ಟವರಲ್ಲ.

"ನೋಡಿ ತಾಯಿ, ಇದೆಲ್ಲ ನಿಮ್ಮ ಒಳ್ಳೆಯದಕ್ಕೇ. ಯಾವುದು ಒಳ್ಳೆಯ ಹಲ್ಲು, ಯಾವುದು ಕೆಟ್ಟದ್ದು ಅಂತ ಜನಸಾಮಾನ್ಯರಿಗೆ ಹೇಗೆ ತಿಳಿಯಬೇಕು?"

ನನಗೆ ಎಲ್ಲಿತ್ತೋ ಆ ಧೈರ್ಯ. ನಾಲ್ಕು ತಿಂಗಳ ಮಾತು ಒಟ್ಟಿಗೆ ಬಂತು. "ಚಪ್ಪಲಿ ಕಚ್ಚಿದ್ದು ಕಾಲಿಗೆ ಗೊತ್ತಾಗುತ್ತೆ ಫಾರ್," ಅಂದೆ. ಹಲ್ಲಿಲ್ಲದ ಬಾಯಿ, ಸಕಾರವೆಲ್ಲ ಹಾರಿಹೋಗುತ್ತಿತ್ತು. ಪಕ್ಕದವರು ನಕ್ಕರು. ನಗಲಿ. "ನನ್ನ ಬಾಯಿ ನಂದು, ಅವನ ಕೈ ಅವನದ್ದು. ಅವನು ಮಾಡ್ತೀನಿ ಅಂತಾನೆ, ನಾನು ಮಾಡಿಸ್ಕೋತೀನಿ ಅಂತೀನಿ. ಮಧ್ಯೆ ನಿಮ್ಮ ಅರಗು ಯಾಕೆ ಬೇಕು? ಅವನು ಯಾರಿಗಾದ್ರೂ ನೋವು ಮಾಡಿದ್ರೆ ಹಿಡೀರಿ, ನಾನೇ ಹಿಡ್ಕೊಡ್ತೀನಿ. ನೋವು ಮಾಡಿದವನು ಆರಾಮಾಗಿ ಓಡಿಹೋದ, ನೋವು ತೆಗೆಯೋನ ಕೈ ಕಟ್ಟಿ ಕೂರಿಸಿದ್ದೀರಿ. ನೆಗಡಿ ಬಂತು ಅಂತ ಮೂಗು ಕೊಯ್ದ್ರೆ ಹೇಗೆ? ಅದೂ ಪಕ್ಕದ ಮನೆಯವರ ಮೂಗು!"

ಅದಕ್ಕೆ ಅಧ್ಯಕ್ಷರೂ ನಕ್ಕುಬಿಟ್ಟರು. ಬಾಯಿ ತುಂಬಾ ನಕ್ಕರು. ನಾನು ನೋಡಿದೆ. ಮೇಲಿನ ಸಾಲು, ಎಡಗಡೆಯ ಎರಡನೇ ಹಲ್ಲು. ದಾರದೆಳೆಯಷ್ಟು ತಿರುಗಿದೆ.

ಹಲ್ಲಿನ ಡಾಕ್ಟರಾದರೇನು, ತನ್ನ ಹಲ್ಲು ತಾನು ಮಾಡಿಕೊಳ್ಳಲಾಗುತ್ತದೆಯೇ? ತಮ್ಮ ಸ್ನೇಹಿತರ ಕ್ಲಿನಿಕ್ಕಿನಲ್ಲಿ ಮಾಡಿಸಿಕೊಂಡಿದ್ದಾರೆ. ಕಿಂಡಿಯ ಆಚೆ ಯಾರ ಕೈ ಅಂತ ಅವರಿಗೇನು ಗೊತ್ತು? ಡಿಗ್ರಿ ಇಲ್ಲದವನ ಹಲ್ಲು ಹಾಕಿಕೊಂಡು ಕೂತು, ಡಿಗ್ರಿ ಇಲ್ಲದವನಿಗೆ ಹಲ್ಲು ಮಾಡಲು ಬರುವುದಿಲ್ಲ ಅಂತ ತೀರ್ಪು ಕೊಡಲು ಹೊರಟಿದ್ದಾರೆ! ನಾನು ಮೈದುನನ ಕಡೆ ನೋಡಿದೆ. ಅವನಿಗೆ ನನಗಿಂತ ಮುಂಚೆಯೇ ಗೊತ್ತಿತ್ತು. ಅಧ್ಯಕ್ಷರು ಮೊದಲ ಮಾತು ಆಡಿದಾಗಲೇ, ತನ್ನ ಹಲ್ಲಿಗೆ ನಾಲಿಗೆ ತಾಗುವ ಸದ್ದನ್ನು ಕಿವಿಯಲ್ಲೇ ಗುರುತು ಹಿಡಿದಿರಬೇಕು. ನಾನು ಬೆರಳೆತ್ತಿ ಬಾಯಿ ತೆರೆದೆ. ಒಂದೇ ಮಾತು ಸಾಕಿತ್ತು, ಕೇಸು ಮುಗಿದುಹೋಗುತ್ತಿತ್ತು.

"ಅತ್ತಿಗೆ," ಅಂದ ಅವನು, ದೊಡ್ಡದಾಗಿ, ಎಲ್ಲರಿಗೂ ಕೇಳುವ ಹಾಗೆ. "ನೀರು ಕುಡೀರಿ."

ಲೋಟ ತಂದು ನನ್ನ ಕೈಯಲ್ಲಿಟ್ಟು, ಕುಡಿಯುವ ತನಕ ಎದುರಿಗೇ ನಿಂತ. ಮೂವತ್ತು ವರ್ಷದಿಂದ ನನ್ನ ಮಾತಿಗೆ ಎದುರಾಡದವನು. ನಾನು ನೀರಿನ ಜೊತೆ ಆ ಮಾತನ್ನೂ ನುಂಗಿದೆ.

"ನಿಮಗೇನಾದ್ರೂ ಹೇಳೋದಿದೆಯಾ?" ಅಂತ ಅಧ್ಯಕ್ಷರು ಅವನನ್ನು ಕೇಳಿದರು.

"ಏನಿಲ್ಲ ಸಾರ್. ಕೊನೇದಾಗಿ ಒಂದು. ನಿಮಗೆ ಊಟ ಮಾಡುವಾಗ ಎಲ್ಲೂ ಒತ್ತಲ್ಲ ತಾನೆ?"

ಪಕ್ಕದವರಿಬ್ಬರಿಗೂ ಏನೂ ಅರ್ಥವಾಗಲಿಲ್ಲ. ಬುದ್ಧಿ ಸರಿ ಇದೆಯೇ ಅಂತ ಒಬ್ಬರನ್ನೊಬ್ಬರು ನೋಡಿದರು. ಅಧ್ಯಕ್ಷರು ಅವನನ್ನೇ ನೋಡಿದರು. ಆಮೇಲೆ ಕೆನ್ನೆ ಸವರಿಕೊಂಡು, "ಇಲ್ಲ," ಅಂದರು. "ಎಲ್ಲೂ ಇಲ್ಲ." ಮತ್ತೆ ನಗಲಿಲ್ಲ.

ಹದಿನೈದು ದಿನಕ್ಕೆ ಆದೇಶ ಬಂತು. ನಾನು ಓದಿ ಅತ್ತುಬಿಟ್ಟೆ. ಪರವಾನಗಿ ಕೊಡಲಾಗುವುದಿಲ್ಲ. ಬೋರ್ಡು ಹಾಕುವಂತಿಲ್ಲ. ಯಾರಿಗೂ ಈ ಕೆಲಸ ಕಲಿಸುವಂತಿಲ್ಲ. ದೇವರು ಕೊಟ್ಟರೂ ಪೂಜಾರಿ ಬಿಡ. ಕೊನೆಗೆ ಇನ್ನೊಂದು ಸಾಲು ಇತ್ತು, ನಿನ್ನ ತಾತನೇ ಅದನ್ನು ನೋಡಿದ್ದು. "ಮಹಜರಿನಲ್ಲಿ ನಮೂದಾಗಿರುವ ಅರ್ಧ ಮುಗಿದ ಹಲ್ಲುಸೆಟ್ಟುಗಳನ್ನು ಮಾತ್ರ, ಸಂಬಂಧಪಟ್ಟವರಿಗೆ ತೊಂದರೆಯಾಗದಂತೆ, ಪೂರ್ಣಗೊಳಿಸಲು ಅನುಮತಿಸಿದೆ." ನಿನ್ನ ತಾತ ಆ ಸಾಲನ್ನು ಮೂರು ಸಲ ಓದಿದರು. ಕನ್ನಡಕ ಮೇಲೆ ಮಾಡಿದರು.

"ಮಹಜರಲ್ಲಿ ಎಷ್ಟು ಅಂತ ಬರೆದಿದ್ದಾರೆ?"

"ಅನೇಕ," ಅಂದ ಮೇಣದಣ್ಣ.

"ಎಷ್ಟರೊಳಗೆ ಮುಗಿಸ್ಬೇಕು?"

"ತಾರೀಕು ಹಾಕಿಲ್ಲ ಅಣ್ಣ."

"ಹಾಗಾದ್ರೆ ಮುಗಿಸ್ಬೇಡ," ಅಂದರು ನಿನ್ನ ತಾತ. ಆ ದಿನದ ನಾಲ್ಕನೇ ಮಾತು ಅದು. ಜೀವಮಾನದಲ್ಲೇ ಅತ್ಯುತ್ತಮವಾದದ್ದು.

ಅವತ್ತಿನಿಂದ ಇವತ್ತಿನವರೆಗೆ, ಇಪ್ಪತ್ತೇಳು ವರ್ಷ, ಆ ಕೋಣೆಯಲ್ಲಿ ಒಂದೇ ಒಂದು ಹಲ್ಲುಸೆಟ್ಟೂ ಮುಗಿದಿಲ್ಲ ಪುಟ್ಟಿ! ಎಲ್ಲಾ ಆ ಅನೇಕದಲ್ಲಿ ಬಂದವು. ಪ್ರತಿಯೊಂದರಲ್ಲೂ ಒಳಗಡೆ, ಯಾರಿಗೂ ಕಾಣದ, ಯಾರಿಗೂ ತಾಗದ ಒಂದು ಮೂಲೆಯಲ್ಲಿ, ಅಕ್ಕಿಕಾಳಿನಷ್ಟು ಜಾಗ ಪಾಲಿಶ್ ಮಾಡದೆ ಬಿಡುತ್ತಾನೆ. ಕೇಳಿದವರಿಗೆ, "ಇನ್ನೂ ಸ್ವಲ್ಪ ಕೆಲಸ ಬಾಕಿ ಇದೆ" ಅನ್ನುತ್ತಾನೆ. ಅದು ಸುಳ್ಳಲ್ಲ. ನೀನು ಕೇಳುತ್ತಿರುವ ಈ ಹಲ್ಲು ಕೂಡ ಸರ್ಕಾರದ ಲೆಕ್ಕದಲ್ಲಿ ಇನ್ನೂ ಅರ್ಧವೇ. ಆ ಇನ್‌ಸ್ಪೆಕ್ಟರೇ ಮೊಹರು ಒಡೆಯಲು ಬಂದರು. ಮುಂದಿನ ವಾರ ತಾಯಿಯನ್ನು ಕೈಹಿಡಿದು ಮೆಟ್ಟಿಲು ಹತ್ತಿಸಿಕೊಂಡು ಬಂದರು. ಅವರ ತಾಯಿಯದೂ ಅರ್ಧ ಮುಗಿದಿತ್ತಂತೆ, ಅಲಮಾರಿಯಲ್ಲಿ ಇತ್ತಂತೆ. ಇರಬಹುದು. ಎಣಿಸಿದವರು ಯಾರು?

ನನ್ನ ಸೆಟ್ಟು ಹಾಕಿಸಿಕೊಂಡು ಮನೆಗೆ ಬಂದ ದಿನ ನಿನ್ನ ತಾತ ಬಾಗಿಲಲ್ಲೇ ನಿಂತು ನೋಡಿದರು. ಮುಂದಿನ ಎರಡು ಹಲ್ಲಿನ ಮಧ್ಯೆ ನನಗೆ ಚಿಕ್ಕಂದಿನಿಂದ ಸಂದಿ ಇತ್ತು, ಅದನ್ನೂ ಹಾಗೇ ಇಟ್ಟಿದ್ದ ಆ ಮೈದುನ. "ಓ," ಅಂದರು ತಾತ, "ಬಂದ್ಯಾ?" ನಾನು ಎಲ್ಲಿಂದಲೋ ಬಹಳ ದಿನದ ಮೇಲೆ ವಾಪಸ್ಸು ಬಂದವಳ ಹಾಗೆ.

ಸರ್ಕಾರ ಬೇಡ ಅಂತ ನಾನು ಹೇಳುವುದಿಲ್ಲ. ಬೀದಿದೀಪ ಬೇಕು, ಕಳ್ಳನನ್ನು ಹಿಡಿಯಬೇಕು, ಮೋಸ ಮಾಡಿದವನಿಗೆ ಶಿಕ್ಷೆ ಆಗಬೇಕು. ಆದರೆ ಇಬ್ಬರು ಒಪ್ಪಿ ಮಾಡುವ ಒಳ್ಳೆಯ ಕೆಲಸದ ಮಧ್ಯೆ ಮೂರನೆಯವರು ಕುರ್ಚಿ ಹಾಕಿಕೊಂಡು ಕೂತು, ನಿಮ್ಮ ಒಳ್ಳೆಯದಕ್ಕೇ ಅಂದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ನಾವು ಗೆದ್ದೆವು ಅಂತ ಬರೆಯಬೇಡ. ಗೆದ್ದಿಲ್ಲ. ಅವನ ಮಗಳಿಗೆ ಎಂಥ ಬೆರಳಿತ್ತು ಗೊತ್ತಾ? ಒಂಬತ್ತು ವರ್ಷಕ್ಕೇ ಸೋಪಿನಲ್ಲಿ ಹಲ್ಲಿನ ಸಾಲು ಕೆತ್ತುತ್ತಿದ್ದಳು. ಕಲಿಸುವಂತಿಲ್ಲ ಅಂತ ಆದೇಶ ಇತ್ತಲ್ಲ, ಮೇಣದಣ್ಣ ಅದೊಂದನ್ನು ಮುರಿಯಲಿಲ್ಲ. ಮಗಳ ಹೆಸರು ಯಾವ ಫೈಲಿನಲ್ಲೂ ಬರಬಾರದು ಅಂತ ಹೆದರಿದ. ಅವಳೀಗ ಎಲ್ಲೋ ಟಿಕೆಟ್ ಕೌಂಟರಿನಲ್ಲಿ ಕೂತಿದ್ದಾಳೆ, ಗಾಜಿನ ಹಿಂದೆ, ಒಂದು ಕಿಂಡಿ ಇಟ್ಟುಕೊಂಡು. ಅವನಿಗೆ ಎಪ್ಪತ್ತೈದಾಯಿತು, ಕೈ ಸ್ವಲ್ಪ ನಡುಗುತ್ತದೆ, ಅರ ಹಿಡಿದಾಗ ಮಾತ್ರ ನಿಲ್ಲುತ್ತದೆ. ಆ ಕೈ ಹೋದರೆ ಆ ವಿದ್ಯೆ ಹೋಯಿತು. ಬಾರದೇ ಹೋದ ಬೋರ್ಡನ್ನು, ಕಲಿಯದೇ ಹೋದವರನ್ನು ಯಾವ ಮಹಜರಿನಲ್ಲೂ ಯಾರೂ ಬರೆದುಕೊಳ್ಳುವುದಿಲ್ಲ ನೋಡು.

ಸಾಕು, ಪುಸ್ತಕ ಮುಚ್ಚು. ಈ ಎಡಗಡೆಯದು ಇನ್ನು ತಡೆಯಲಾಗುವುದಿಲ್ಲ. ಆ ನೀಲಿ ಮುಚ್ಚಳದ ಡಬ್ಬಿಯಲ್ಲಿ ನೀರು ಹಾಕಿಕೊಂಡು ಬಾ, ತೆಗೆದುಕೊಡುತ್ತೇನೆ, ಸೈಕಲ್ ಅಂಗಡಿಯ ಮೇಲಕ್ಕೆ ತೆಗೆದುಕೊಂಡು ಹೋಗು. ಅಲುಗಾಡಿಸದೆ ನಡೆದುಕೊಂಡೇ ಹೋಗು, ಓಡಬೇಡ. ಅತ್ತಿಗೆಗೆ ಎಡಗಡೆ ಕೆಳಗೆ, ಹಿಂದಿನಿಂದ ಎರಡನೆಯದರ ಹತ್ತಿರ ಒತ್ತುತ್ತಿದೆಯಂತೆ ಅಂತ ಹೇಳು. ಮೆಟ್ಟಿಲ ಹತ್ತಿರ ಫೈಲು ಹಿಡಿದವರು ಯಾರಾದರೂ ಕೇಳಿದರೆ, ಇನ್ನೂ ಮುಗಿದಿಲ್ಲ, ಮುಗಿಸಿಕೊಂಡು ಹೋಗಲು ಬಂದೆ ಅನ್ನು. ಅವನು ಅರ ಹಿಡಿದು ಕೂತಾಗ ನೀನು ಫೋನು ನೋಡುತ್ತಾ ಕೂರಬೇಡ. ಸ್ಟೂಲನ್ನು ಹತ್ತಿರ ಎಳೆದುಕೊಂಡು ಅವನ ಕೈ ನೋಡು. ಅವನು ಕಲಿಸುವಂತಿಲ್ಲ. ನೋಡಬಾರದು ಅಂತ ನಿನಗೆ ಯಾರೂ ಹೇಳಿಲ್ಲ. ಹೋಗು, ನೀರು ತಾ.